ಸಣ್ಣ ರೈಲು, ಮೇಲಿಂದ ಮೇಲೆ

ಕೆನಡಾದ ವ್ಯಾಂಕೂವರಿನ ಮೆಟ್ರೊ ಆದ ಸ್ಕೈಟ್ರೇನ್ ವಿಷಯ ಎತ್ತಿದರೆ ಊರಿನ ನೆಂಟರು ಮೊದಲು ಕೇಳುವುದು, ಚಾಲಕನೇ ಇಲ್ಲದ ರೈಲಿನಲ್ಲಿ ಕೂರಲು ಭಯವಾಗುವುದಿಲ್ಲವೇ ಎಂದು. ಈ ಪ್ರಶ್ನೆಗೆ ನಲವತ್ತು ವರ್ಷಗಳ ಉತ್ತರವಿದೆ. 1986ರ ಜನವರಿಯಿಂದ ಈ ರೈಲುಗಳು ಚಾಲಕನ ಕೋಣೆಯೇ ಇಲ್ಲದೆ ಓಡುತ್ತಿವೆ. ಚಾಲಕ ಕೂರಬೇಕಾಗಿದ್ದ ಜಾಗದಲ್ಲಿ ಪ್ರಯಾಣಿಕರ ಸೀಟಿದೆ, ಅದರೆದುರು ದೊಡ್ಡ ಗಾಜಿದೆ, ಆ ಸೀಟಿಗಾಗಿ ಮಕ್ಕಳೂ ಮಕ್ಕಳ ನೆಪ ಹೇಳಿಕೊಂಡ ದೊಡ್ಡವರೂ ಪೈಪೋಟಿ ನಡೆಸುತ್ತಾರೆ. ಫ್ರೇಸರ್ ನದಿಯ ದಕ್ಷಿಣಕ್ಕಿರುವ ಸರ್ರೆಯಲ್ಲಿ ಮನೆ ಮಾಡಿಕೊಂಡು, ನದಿ ದಾಟಿ ವ್ಯಾಂಕೂವರಿನ ಪೇಟೆಗೆ ಕೆಲಸಕ್ಕೆ ಹೋಗಿಬರುವ ನನ್ನಂಥವರಿಗೆ ಚಾಲಕನಿಲ್ಲ ಎನ್ನುವುದು ಈ ವ್ಯವಸ್ಥೆಯ ಅತ್ಯಂತ ಸಪ್ಪೆ ಸಂಗತಿ. ಚಾಲಕನಿಲ್ಲದ್ದರಿಂದ ಏನೇನು ಸಾಧ್ಯವಾಯಿತು ಎನ್ನುವುದರಲ್ಲಿ ಸ್ವಾರಸ್ಯವಿದೆ. ಅದರಲ್ಲಿ ಮುಖ್ಯವಾದದ್ದು, ನಾವು ನಿಲ್ದಾಣದಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಎಂಬುದು.

ಲೆಕ್ಕ ಸರಳವಾಗಿದೆ. ಪ್ರತಿ ರೈಲಿಗೂ ಒಬ್ಬ ಚಾಲಕ ಬೇಕೆಂದಾದರೆ, ಆರು ಬೋಗಿಯ ಒಂದು ರೈಲನ್ನು ಓಡಿಸುವುದು ಮೂರು ಬೋಗಿಯ ಎರಡು ರೈಲುಗಳನ್ನು ಓಡಿಸುವುದಕ್ಕಿಂತ ಅಗ್ಗ. ಹಾಗಾಗಿ ರೈಲ್ವೆ ನಡೆಸುವವರು ಯಾವಾಗಲೂ ಉದ್ದನೆಯ ರೈಲಿನ ಕಡೆಗೆ ವಾಲುತ್ತಾರೆ, ಮತ್ತು ಜನ ಕಡಿಮೆಯಿರುವ ಮಧ್ಯಾಹ್ನ, ರಾತ್ರಿ, ಭಾನುವಾರಗಳಲ್ಲಿ ಎರಡು ರೈಲುಗಳ ನಡುವಿನ ಅಂತರವನ್ನು ಹಿಗ್ಗಿಸುತ್ತಾರೆ. ಚಾಲಕನ ಖರ್ಚು ಇಲ್ಲವಾದೊಡನೆ ಈ ಒತ್ತಡ ಹೋಗುತ್ತದೆ. ಅದೇ ಬೋಗಿಗಳನ್ನು ಚಿಕ್ಕಚಿಕ್ಕ ರೈಲುಗಳಾಗಿ ಒಡೆದು ಮೇಲಿಂದ ಮೇಲೆ ಕಳಿಸಬಹುದು. ರೈಲು ಚಿಕ್ಕದಾದರೆ ಪ್ಲಾಟ್‌ಫಾರಂ ಚಿಕ್ಕದಾಗುತ್ತದೆ, ನಿಲ್ದಾಣಕ್ಕೆ ಬೇಕಾದ ಜಾಗ ಕಡಿಮೆಯಾಗುತ್ತದೆ, ಬೋಗಿ ಹಗುರವಾದರೆ ಅದನ್ನು ಹೊರುವ ಮೇಲ್ಸೇತುವೆಯೂ ತೆಳ್ಳಗಾಗುತ್ತದೆ. ಬೆಳಗಿನ ದಟ್ಟಣೆಯಲ್ಲಿ, ಸ್ಕೈಟ್ರೇನಿನ ಮೊದಲ ಮಾರ್ಗವಾದ ಎಕ್ಸ್‌ಪೋ ಮಾರ್ಗದ ನಗರದೊಳಗಿನ ಭಾಗದಲ್ಲಿ ಎರಡು ಮೂರು ನಿಮಿಷಕ್ಕೊಂದು ರೈಲು ಬರುತ್ತದೆ, ಅದು ಜಗತ್ತಿನ ಅನೇಕ ಮೆಟ್ರೊಗಳಲ್ಲೂ ಇದ್ದೀತು. ರಾತ್ರಿ ಹತ್ತು ಗಂಟೆಗೆ ನದಿಯಾಚೆಯ ಉಪನಗರದ ನಿಲ್ದಾಣದಲ್ಲಿ ನಿಂತವನಿಗೂ ಹತ್ತು ನಿಮಿಷದೊಳಗೆ ರೈಲು ಸಿಗುತ್ತದೆ ಎನ್ನುವುದು ಹೆಚ್ಚು ಅಪರೂಪದ್ದು. ಉತ್ತರ ಅಮೆರಿಕದ ಉಪನಗರಗಳಲ್ಲಿ ಸಾರ್ವಜನಿಕ ಸಾರಿಗೆಯೆಂದರೆ ಸಾಮಾನ್ಯವಾಗಿ ಬೆಳಿಗ್ಗೆ ನಗರದತ್ತ ನಾಲ್ಕು ರೈಲು, ಸಂಜೆ ಉಪನಗರದತ್ತ ನಾಲ್ಕು ರೈಲು. ಆಫೀಸಿನಲ್ಲಿ ಅರ್ಧ ಗಂಟೆ ಹೆಚ್ಚು ಕುಳಿತವನ ಪಾಡು ದೇವರೇ ಬಲ್ಲ. ಅದಕ್ಕೇ ಅಲ್ಲಿ ಪ್ರತಿ ಮನೆಯಲ್ಲಿ ಇಬ್ಬರಿದ್ದರೆ ಎರಡು ಕಾರು.

ವ್ಯಾಂಕೂವರಿಗೆ ಈ ಬುದ್ಧಿ ಒಂದೇ ದಿನಕ್ಕೆ ಬಂದದ್ದಲ್ಲ. ವ್ಯಾಂಕೂವರ್ ಮತ್ತು ನ್ಯೂ ವೆಸ್ಟ್‌ಮಿನ್‌ಸ್ಟರ್ ನಡುವೆ 1891ರಲ್ಲಿಯೇ ವಿದ್ಯುತ್ ಟ್ರಾಮು ಓಡುತ್ತಿತ್ತು. ನಡುವಣ ಕಾಡು ಕಡಿದು ಹಳಿ ಹಾಕಿದ ಮೇಲೆಯೇ ಆ ಹಾದಿಯುದ್ದಕ್ಕೂ ಬಡಾವಣೆಗಳು ಹುಟ್ಟಿದವು. 1950ರ ದಶಕದಲ್ಲಿ, ಕಾರಿನ ಉತ್ಸಾಹದಲ್ಲಿ, ಆ ಟ್ರಾಮುಗಳನ್ನು ನಿಲ್ಲಿಸಿದರು. 1960ರ ದಶಕದ ಕೊನೆಗೆ ಪೇಟೆಯ ಮಧ್ಯಕ್ಕೆ ಹೆದ್ದಾರಿ ತರುವ ಯೋಜನೆ ಬಂತು. ಅದು ಚೈನಾಟೌನ್ ಮತ್ತು ಸ್ಟ್ರ್ಯಾತ್‌ಕೋನಾ ಬಡಾವಣೆಗಳನ್ನು ಸೀಳಿಕೊಂಡು ಹೋಗಬೇಕಾಗಿತ್ತು. ಅಲ್ಲಿಯ ನಿವಾಸಿಗಳು, ಅವರಲ್ಲಿ ಬಹುಮಂದಿ ಚೀನೀ ಮೂಲದವರು, ಪಟ್ಟುಹಿಡಿದು ಅದನ್ನು ತಡೆದರು. 1972ರಲ್ಲಿ ತೆರೆದ ಜಾರ್ಜಿಯಾ ಮೇಲ್ಸೇತುವೆಗಳು ಮಾತ್ರ ಆ ಯೋಜನೆಯ ಕುರುಹಾಗಿ ಉಳಿದವು. ಹೆದ್ದಾರಿ ಬರಲಿಲ್ಲ, ಉಪನಗರಗಳು ಬೆಳೆಯುವುದು ನಿಲ್ಲಲಿಲ್ಲ, ಹಾಗಾಗಿ ರೈಲು ಬೇಕೇಬೇಕಾಯಿತು. ಹಳೆಯ ಟ್ರಾಮಿನ ಜಾಗ ಹಾಗೇ ಬಿದ್ದಿತ್ತು. ಇವತ್ತಿನ ಎಕ್ಸ್‌ಪೋ ಮಾರ್ಗದ ಬಹುಭಾಗ ಅದೇ ಜಾಗದ ಮೇಲೆ ಕಂಬ ಊರಿ ನಿಂತಿದೆ, ಕಂಬಗಳ ಪಕ್ಕದಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಒಂದು ಉದ್ದನೆಯ ದಾರಿಯಿದೆ.

ಆಯ್ಕೆ ಮಾಡಿದ ತಂತ್ರಜ್ಞಾನ ಕೂಡ ಅಂದಿಗೆ ವಿವಾದದ್ದೇ. ಒಂಟಾರಿಯೊ ಪ್ರಾಂತ್ಯ ಸರ್ಕಾರದ ಒಡೆತನದ ಯುಟಿಡಿಸಿ ಎಂಬ ಸಂಸ್ಥೆ, ಬಸ್ಸಿಗಿಂತ ದೊಡ್ಡದು, ಪೂರ್ಣಪ್ರಮಾಣದ ಮೆಟ್ರೊಗಿಂತ ಚಿಕ್ಕದು ಎನ್ನಬಹುದಾದ ಒಂದು ಸ್ವಯಂಚಾಲಿತ ರೈಲನ್ನು ಅಭಿವೃದ್ಧಿಪಡಿಸಿ ಕೊಳ್ಳುವವರನ್ನು ಹುಡುಕುತ್ತಿತ್ತು. ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ, ಬಿಲ್ ಬೆನೆಟ್ ಅವರ ಸರ್ಕಾರಕ್ಕೆ, ಸಾರಿಗೆಯನ್ನೇ ವಿಷಯವಾಗಿಸಿಕೊಂಡಿದ್ದ 1986ರ ಎಕ್ಸ್‌ಪೋ ವಸ್ತುಪ್ರದರ್ಶನದ ಹೊತ್ತಿಗೆ ಜಗತ್ತಿಗೆ ತೋರಿಸಲು ಏನಾದರೂ ಬೇಕಿತ್ತು. ನೆಲದ ಮೇಲೆ ಓಡುವ ಸಾಧಾರಣ ಲೈಟ್ ರೈಲು ಸಾಕು, ಅದೇ ದುಡ್ಡಿನಲ್ಲಿ ಹೆಚ್ಚು ದೂರ ಹೋಗಬಹುದು ಎಂದು ವಾದಿಸಿದವರು ಅಂದೂ ಇದ್ದರು, ಇಂದೂ ಇದ್ದಾರೆ. 1983ರಲ್ಲಿ ಈಗಿನ ಮೇನ್ ಸ್ಟ್ರೀಟ್ ನಿಲ್ದಾಣದ ಬಳಿ ಸುಮಾರು ಒಂದು ಕಿಲೋಮೀಟರಿನಷ್ಟು ಹಳಿ ಕಟ್ಟಿ, ಜನರನ್ನು ಹತ್ತಿಸಿ, ಅತ್ತಿಂದಿತ್ತ ಓಡಿಸಿ ತೋರಿಸಿದರು. ಎರಡೂವರೆ ವರ್ಷದಲ್ಲಿ ಸಮುದ್ರದಂಚಿನ ವಾಟರ್‌ಫ್ರಂಟ್‌ನಿಂದ ನ್ಯೂ ವೆಸ್ಟ್‌ಮಿನ್‌ಸ್ಟರ್‌ವರೆಗೆ 15 ನಿಲ್ದಾಣಗಳ ಮಾರ್ಗ ಸಿದ್ಧವಾಗಿತ್ತು. ನಮ್ಮ ಕಡೆ ಒಂದು ಮೇಲ್ಸೇತುವೆಗೆ ಹಿಡಿಯುವ ಕಾಲವನ್ನು ಬಲ್ಲವರಿಗೆ ಇದನ್ನು ಎರಡು ಸಲ ಓದಬೇಕೆನಿಸೀತು.

ಲೀನಿಯರ್ ಮೋಟಾರು ಎಂದು ಕರೆಯುವ ಈ ರೈಲಿನ ಮೋಟಾರು ಚಕ್ರವನ್ನು ತಿರುಗಿಸುವುದಿಲ್ಲ. ಸಾಮಾನ್ಯ ಮೋಟಾರನ್ನು ಸೀಳಿ ಉದ್ದಕ್ಕೆ ಹರವಿದಂತೆ, ಬೋಗಿಯ ಹೊಟ್ಟೆಯ ಕೆಳಗೆ ಸುರುಳಿಗಳಿರುತ್ತವೆ, ಎರಡು ಹಳಿಗಳ ನಡುವೆ ಅಲ್ಯೂಮಿನಿಯಮ್ಮಿನ ಒಂದು ಚಪ್ಪಟೆ ಪಟ್ಟಿ ಇರುತ್ತದೆ. ವಿದ್ಯುತ್ಕಾಂತದ ಬಲ ಆ ಪಟ್ಟಿಯನ್ನು ತಳ್ಳುತ್ತದೆ, ರೈಲು ಮುಂದಕ್ಕೆ ಹೋಗುತ್ತದೆ. ಚಕ್ರಗಳ ಕೆಲಸ ಭಾರ ಹೊರುವುದು ಮಾತ್ರ. ಚಕ್ರಕ್ಕೂ ಹಳಿಗೂ ಹಿಡಿತ ಸಾಲದೆ ಜಾರುವ ಪ್ರಶ್ನೆ ಇಲ್ಲದಿರುವುದರಿಂದ, ವರ್ಷದ ಅರ್ಧ ಭಾಗ ಮಳೆ ಸುರಿಯುವ, ಏರಿಳಿತಗಳ ಈ ಊರಿನಲ್ಲಿ ಅದು ಕಡಿದಾದ ಏರನ್ನೂ ಸಲೀಸಾಗಿ ಹತ್ತುತ್ತದೆ. ಇನ್ನೊಂದು ಲಾಭ ಅನಿರೀಕ್ಷಿತವಾದದ್ದು. ಮೋಟಾರು ಚಪ್ಪಟೆಯಾಗಿರುವುದರಿಂದ ಬೋಗಿಯ ಎತ್ತರ ಕಡಿಮೆ. ಕೆನಡಿಯನ್ ಪೆಸಿಫಿಕ್ ರೈಲ್ವೆ 1930ರ ದಶಕದ ಆರಂಭದಲ್ಲಿ ಪೇಟೆಯ ಕೆಳಗೆ ಗೂಡ್ಸ್ ಗಾಡಿಗಳಿಗೆಂದು ಕೊರೆದಿದ್ದ ಒಂಟಿ ಹಳಿಯ ಸುರಂಗವೊಂದಿತ್ತು. ಅದರೊಳಗೆ ನಡುವೆ ಒಂದು ಅಟ್ಟ ಕಟ್ಟಿ, ಒಂದು ಹಳಿ ಕೆಳಗೆ, ಇನ್ನೊಂದು ಹಳಿ ಮೇಲೆ ಹಾಕಿದರು. ಹೋಗುವ ರೈಲು ಒಂದು ಮಹಡಿಯಲ್ಲಿ, ಬರುವ ರೈಲು ಇನ್ನೊಂದು ಮಹಡಿಯಲ್ಲಿ. ಹೊಸ ಸುರಂಗ ಕೊರೆಯುವ ಖರ್ಚು ಹಾಗೆ ಉಳಿಯಿತು. ರೈಲುಗಳನ್ನು ನಡೆಸುವ ಸೆಲ್‌ಟ್ರ್ಯಾಕ್ ಸಿಗ್ನಲ್ ವ್ಯವಸ್ಥೆಯಲ್ಲಿ ದಾರಿಯುದ್ದಕ್ಕೂ ಕೆಂಪು ಹಸಿರು ದೀಪಗಳಿಲ್ಲ. ಪ್ರತಿ ರೈಲು ತಾನೆಲ್ಲಿದ್ದೇನೆಂದು ಕೇಂದ್ರದ ಕಂಪ್ಯೂಟರಿಗೆ ತಿಳಿಸುತ್ತಲೇ ಇರುತ್ತದೆ, ಹಿಂದಿನ ರೈಲು ಎಷ್ಟು ಹತ್ತಿರ ಬರಬಹುದೆಂದು ಕಂಪ್ಯೂಟರು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಹೇಳುತ್ತದೆ. ಅಂತರ ರೈಲಿನ ಜೊತೆಗೇ ಸರಿಯುತ್ತಾ ಹೋಗುವುದರಿಂದ ರೈಲುಗಳನ್ನು ಒತ್ತೊತ್ತಾಗಿ ಓಡಿಸಲು ಸಾಧ್ಯವಾಗಿದೆ.

ಹಾಗೆಂದು ಇದನ್ನು ಯಂತ್ರದ ಮಹಿಮೆಯೆಂದು ಹೊಗಳಲು ನನಗೆ ಮನಸ್ಸಿಲ್ಲ, ಏಕೆಂದರೆ ಇದೇ ಯಂತ್ರ ಬೇರೆಡೆ ಸೋತಿದೆ. ಟೊರಾಂಟೊ ನಗರ 1985ರಲ್ಲಿ ಸ್ಕಾರ್ಬರೋ ಉಪನಗರಕ್ಕೆ ಇದೇ ರೈಲನ್ನು ಹಾಕಿತು. ಆದರೆ ಅದರಲ್ಲಿ ಚಾಲಕರನ್ನು ಕೂರಿಸಿತು, ಮಾರ್ಗವನ್ನು ಆರು ನಿಲ್ದಾಣಗಳಿಗೇ ನಿಲ್ಲಿಸಿತು, ಮುಂದೆ ಒಂದು ಅಡಿಯೂ ಬೆಳೆಸಲಿಲ್ಲ. ಮುದಿಯಾದ ಆ ರೈಲು 2023ರ ಜುಲೈಯಲ್ಲಿ ಹಳಿ ತಪ್ಪಿದ ಮೇಲೆ ಮತ್ತೆ ಓಡಲೇ ಇಲ್ಲ. ಡೆಟ್ರಾಯಿಟ್ ನಗರ 1987ರಲ್ಲಿ ಪೇಟೆಯ ಸುತ್ತ ಐದು ಕಿಲೋಮೀಟರಿಗಿಂತ ಕಡಿಮೆ ಉದ್ದದ ಒಂದು ಉಂಗುರ ಕಟ್ಟಿತು; ಅದು ಯಾವ ಉಪನಗರವನ್ನೂ ಮುಟ್ಟುವುದಿಲ್ಲ. ಮೂರು ಊರುಗಳಿಗೆ ಒಂದೇ ಕಾರ್ಖಾನೆಯ ರೈಲು, ಮೂರು ಗತಿ. ವ್ಯಾಂಕೂವರು ಮಾತ್ರ ಹತ್ತಾರು ವರ್ಷ ಬಿಡದೆ ಮಾರ್ಗವನ್ನು ಬೆಳೆಸಿತು, ಮತ್ತು ಪ್ರತಿ ನಿಲ್ದಾಣಕ್ಕೆ ಬಸ್ಸುಗಳನ್ನು ತಂದು ಜೋಡಿಸಿತು. ಒಂದು ಸಲ ಕೊಟ್ಟ ದುಡ್ಡಿಗೆ ತೊಂಬತ್ತು ನಿಮಿಷ ಬಸ್ಸು, ರೈಲು, ಕೊಲ್ಲಿ ದಾಟುವ ಸೀಬಸ್ಸು, ಎಲ್ಲದರಲ್ಲೂ ಹತ್ತಿ ಇಳಿಯಬಹುದು ಎನ್ನುವ ಸಣ್ಣ ನಿಯಮವು ಲೀನಿಯರ್ ಮೋಟಾರಿಗಿಂತ ಕಡಿಮೆ ಕೆಲಸವನ್ನೇನೂ ಮಾಡಿಲ್ಲ.

ಮಾರ್ಗ ಫ್ರೇಸರ್ ನದಿಯನ್ನು ದಾಟಿದ್ದು 1990ರಲ್ಲಿ. ಅದಕ್ಕಾಗಿಯೇ ಕಟ್ಟಿದ ಸ್ಕೈಬ್ರಿಡ್ಜ್ ಎಂಬ ಕೇಬಲ್ ಸೇತುವೆ 616 ಮೀಟರ್ ಉದ್ದವಿದೆ, ಅದರ ಮೇಲೆ ರೈಲಲ್ಲದೆ ಬೇರೇನೂ ಓಡುವುದಿಲ್ಲ. ಪಕ್ಕದ ರಸ್ತೆ ಸೇತುವೆಯಲ್ಲಿ ಸಾಲುಗಟ್ಟಿದ ಕಾರುಗಳನ್ನು ಅಲ್ಲಿಂದ ನೋಡುವುದರಲ್ಲಿ ಒಂದು ಸಣ್ಣ ಕುಹಕದ ಸುಖವಿದೆ ಎಂದು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ. 1994ರಲ್ಲಿ ರೈಲು ಸರ್ರೆಯ ಕಿಂಗ್ ಜಾರ್ಜ್ ನಿಲ್ದಾಣಕ್ಕೆ ಬಂತು. ಸರ್ರೆ ಎಂದರೆ ಆಗ ಅಂಗಡಿಸಾಲುಗಳು, ಕಾರು ನಿಲ್ಲಿಸುವ ಬಯಲುಗಳು, ಒಂಟಿ ಮನೆಗಳು. ಇಂದು ಆ ನಿಲ್ದಾಣಗಳ ಸುತ್ತ ವಿಶ್ವವಿದ್ಯಾಲಯದ ಕಟ್ಟಡವಿದೆ, ನಗರಸಭೆಯಿದೆ, ಗ್ರಂಥಾಲಯವಿದೆ, ಮೂವತ್ತು ನಲವತ್ತು ಮಹಡಿಯ ಗೋಪುರಗಳಿವೆ. ನನಗೆ ಗೊತ್ತಿರುವ ಕನ್ನಡದ ಮನೆಗಳಲ್ಲಿ ಕೆಲವರು ಬಾಡಿಗೆಗೆ ಮನೆ ಹುಡುಕುವಾಗ ಮೊದಲು ನೋಡಿದ್ದು ಸ್ಕೈಟ್ರೇನಿನ ನಕ್ಷೆಯನ್ನು. ಹೊಸದಾಗಿ ಬಂದವರಿಗೆ ಕಾರಿನ ಖರ್ಚನ್ನು ಒಂದೆರಡು ವರ್ಷ ಮುಂದೂಡಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಬರ್ನಬಿ ಉಪನಗರದ ಮೆಟ್ರೊಟೌನ್, ನಿಲ್ದಾಣದ ಸುತ್ತ ಊರು ಬೆಳೆಯುವುದರ ಅತ್ಯಂತ ಸ್ಪಷ್ಟ ಉದಾಹರಣೆ, ಮತ್ತು ಅತ್ಯಂತ ಕಹಿಯಾದದ್ದೂ ಹೌದು. ರೈಲಿನ ಜೊತೆಗೇ ಬೆಳೆದ ಮಾಲ್ ಈಗ ಪ್ರಾಂತ್ಯದಲ್ಲೇ ಅತಿ ದೊಡ್ಡದು. ಅದರ ಸುತ್ತ ಗಾಜಿನ ಗೋಪುರಗಳು ಏಳುತ್ತಲೇ ಇವೆ. ಅವು ಎದ್ದದ್ದು ಖಾಲಿ ಜಾಗದಲ್ಲಲ್ಲ. ನಿಲ್ದಾಣದ ದಕ್ಷಿಣಕ್ಕೆ ಮೂರು ಮಹಡಿಯ ಹಳೆಯ ಮರದ ಅಪಾರ್ಟ್‌ಮೆಂಟುಗಳಿದ್ದವು. ಅಲ್ಲಿ ವಲಸಿಗರು, ನಿರಾಶ್ರಿತರು, ವಯಸ್ಸಾದವರು ಕಡಿಮೆ ಬಾಡಿಗೆಗೆ ಇದ್ದರು, ಅವರಿಗೆ ರೈಲು ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತು. ಆ ಕಟ್ಟಡಗಳನ್ನು ಒಂದೊಂದಾಗಿ ಕೆಡವಿದಾಗ ಅವರು ರೈಲಿನಿಂದ ದೂರಕ್ಕೆ ಹೋಗಬೇಕಾಯಿತು. 2002ರಿಂದ ಮೇಯರ್ ಆಗಿದ್ದ ಡೆರೆಕ್ ಕಾರಿಗನ್ 2018ರ ಚುನಾವಣೆಯಲ್ಲಿ ಸೋತರು, ಆ ಚುನಾವಣೆಯ ದೊಡ್ಡ ಪ್ರಶ್ನೆಗಳಲ್ಲಿ ಇದೂ ಒಂದಾಗಿತ್ತು. ಆಮೇಲೆ ಬಾಡಿಗೆದಾರರು ಹೊಸ ಕಟ್ಟಡಕ್ಕೆ ಮರಳಿ ಬರಲು ಅವಕಾಶ ಕೊಡುವ ನಿಯಮ ಬಂತು. 2023ರಲ್ಲಿ ಪ್ರಾಂತ್ಯ ಸರ್ಕಾರವೇ ಒಂದು ಕಾನೂನು ತಂದು, ಸ್ಕೈಟ್ರೇನ್ ನಿಲ್ದಾಣದಿಂದ 200 ಮೀಟರಿನೊಳಗೆ 20 ಮಹಡಿಗಳವರೆಗೆ, 800 ಮೀಟರಿನೊಳಗೆ ಎಂಟು ಮಹಡಿಗಳವರೆಗೆ ಕಟ್ಟುವುದನ್ನು ನಗರಸಭೆಗಳು ಎತ್ತರದ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದಿತು. ನನಗೆ ಈ ಕಾನೂನು ಸರಿಯೆಂದೇ ತೋರುತ್ತದೆ. ಕೋಟಿಗಟ್ಟಲೆ ಡಾಲರಿನ ನಿಲ್ದಾಣದ ಸುತ್ತ ಒಂಟಿ ಮನೆಗಳ ತೋಟಗಳನ್ನು ಕಾಯ್ದಿಡುವುದು ಸಾರ್ವಜನಿಕ ಹಣಕ್ಕೆ ಮಾಡುವ ಅನ್ಯಾಯ. ಆದರೆ ಒಂಟಿ ಮನೆಗಳ ಬೀದಿಯನ್ನು ಬಿಟ್ಟು ಬಾಡಿಗೆದಾರರ ಕಟ್ಟಡವನ್ನೇ ಮೊದಲು ಕೆಡವುವ ಪರಿಪಾಠ ವರ್ಷಗಟ್ಟಲೆ ನಡೆಯಿತಲ್ಲ, ಅದಕ್ಕೆ ರೈಲನ್ನು ದೂರುವಂತಿಲ್ಲ, ರೈಲನ್ನು ಬಿಟ್ಟು ಹೇಳುವಂತೆಯೂ ಇಲ್ಲ.

ಸಣ್ಣ ರೈಲಿನ ತರ್ಕವನ್ನು ಅತಿಗೆ ಒಯ್ದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾ ಲೈನ್ ಇದೆ. ವಿಮಾನ ನಿಲ್ದಾಣಕ್ಕೂ ರಿಚ್ಮಂಡ್ ಉಪನಗರಕ್ಕೂ ಹೋಗುವ ಈ ಮಾರ್ಗವನ್ನು ಖಾಸಗಿ ಪಾಲುದಾರಿಕೆಯಲ್ಲಿ ಕಟ್ಟಿ, 2010ರ ಚಳಿಗಾಲದ ಒಲಿಂಪಿಕ್ಸಿಗೆ ಮುಂಚೆ, 2009ರ ಆಗಸ್ಟಿನಲ್ಲಿ ತೆರೆದರು. ಇದೂ ಚಾಲಕರಹಿತವೇ, ಆದರೆ ಮೋಟಾರು ಸಾಮಾನ್ಯದ್ದು, ರೈಲುಗಳು ಹ್ಯುಂಡೈ ರೋಟೆಮ್ ಕಂಪನಿಯವು, ಎಕ್ಸ್‌ಪೋ ಮಾರ್ಗದ ರೈಲು ಇಲ್ಲಿ ಓಡಲಾರದು. ಖರ್ಚು ಉಳಿಸಲು ಕ್ಯಾಂಬಿ ರಸ್ತೆಯಲ್ಲಿ ಸುರಂಗ ಕೊರೆಯುವ ಬದಲು ರಸ್ತೆಯನ್ನೇ ಅಗೆದು ಮುಚ್ಚಿದರು, ವರ್ಷಗಟ್ಟಲೆ ತೆರೆದ ಹೊಂಡದೆದುರು ಕುಳಿತ ಅಂಗಡಿಯವರಲ್ಲಿ ಹಲವರು ಬಾಗಿಲು ಮುಚ್ಚಿದರು. ಇನ್ನೂ ಉಳಿಸಲು ಪ್ಲಾಟ್‌ಫಾರಂಗಳನ್ನು 40ರಿಂದ 50 ಮೀಟರಿಗೆ ಇಳಿಸಿದರು, ಎಕ್ಸ್‌ಪೋ ಮಾರ್ಗದಲ್ಲಿ ಅವು 80 ಮೀಟರ್ ಇವೆ. ರೈಲಿಗೆ ಎರಡೇ ಬೋಗಿ. ಪ್ರಯಾಣಿಕರು ನಿರೀಕ್ಷೆಗಿಂತ ಬೇಗ ತುಂಬಿಕೊಂಡರು. ಮೇಲಿಂದ ಮೇಲೆ ಓಡಿಸಿ ಸರಿದೂಗಿಸೋಣ ಎಂದರೆ ರಿಚ್ಮಂಡ್ ತುದಿಯಲ್ಲಿ ಒಂಟಿ ಹಳಿ. ಭೂಮಿಯೊಳಗೆ ಕಟ್ಟಿದ ನಿಲ್ದಾಣವನ್ನು ಆಮೇಲೆ ಎಳೆದು ಉದ್ದ ಮಾಡುವುದು ಹೊಸದನ್ನು ಕಟ್ಟುವಷ್ಟೇ ಕಷ್ಟ. ಎಕ್ಸ್‌ಪೋ ಮಾರ್ಗದವರು ಮೊದಲ ದಿನ ಚಿಕ್ಕ ರೈಲು ಓಡಿಸಿದರೂ ಪ್ಲಾಟ್‌ಫಾರಂ ಉದ್ದ ಬಿಟ್ಟಿದ್ದರು. 2025ರಲ್ಲಿ ಓಡಲಾರಂಭಿಸಿದ ಐದು ಬೋಗಿಯ ಹೊಸ ರೈಲುಗಳು ಆ ಉದ್ದವನ್ನು ಈಗ ತುಂಬುತ್ತಿವೆ.

ಇನ್ನು ಮನುಷ್ಯರ ಮಾತು. ಚಾಲಕನಿಲ್ಲದ ರೈಲಿನಲ್ಲಿ ಮನುಷ್ಯನಿಗೆ ಕೆಲಸವಿಲ್ಲ ಎಂದು ತಿಳಿದವರು ಹಿಮ ಬಿದ್ದ ದಿನ ಇಲ್ಲಿಗೆ ಬಂದು ನೋಡಬೇಕು. ಪ್ಲಾಟ್‌ಫಾರಮ್ಮಿನ ಅಂಚಿನಲ್ಲಿ ಗಾಜಿನ ಬಾಗಿಲುಗಳಿಲ್ಲ, ಬದಲಿಗೆ ಯಾರಾದರೂ ಹಳಿಗೆ ಬಿದ್ದರೆ ಗುರುತಿಸಿ ರೈಲು ನಿಲ್ಲಿಸುವ ಸಂವೇದಕಗಳಿವೆ. ಅವಕ್ಕೆ ಬಿದ್ದ ಮಂಜುಗಡ್ಡೆಗೂ ಬಿದ್ದ ಮನುಷ್ಯನಿಗೂ ವ್ಯತ್ಯಾಸ ತಿಳಿಯದು. ಅಂಥ ದಿನ ಸಿಬ್ಬಂದಿ ರೈಲಿನೊಳಗೇ ಹತ್ತಿ, ಮುಂಭಾಗದ ಮುಚ್ಚಳ ತೆಗೆದು, ಕೈಯಿಂದಲೇ ರೈಲು ಓಡಿಸುತ್ತಾರೆ. 2014ರ ಜುಲೈಯಲ್ಲಿ ಒಂದೇ ವಾರದೊಳಗೆ ಎರಡು ಸಲ, ಕೆನಡಾ ಲೈನ್ ಬಿಟ್ಟು ಉಳಿದ ವ್ಯವಸ್ಥೆಯೆಲ್ಲ ನಿಂತುಹೋಯಿತು. ಎರಡನೆಯ ಸಲ ಕಾರಣವಾದದ್ದು ನಿಯಂತ್ರಣ ಕೇಂದ್ರದಲ್ಲಿ ವಿದ್ಯುತ್ ಕೆಲಸ ಮಾಡುವಾಗ ಕೇಂದ್ರದ ವಿದ್ಯುತ್ತೇ ಹೋದದ್ದು. ಕಂಪ್ಯೂಟರು ಮರಳಿ ಎದ್ದರೂ ಯಾವ ರೈಲು ಎಲ್ಲಿದೆ ಎಂಬುದು ಅದಕ್ಕೆ ಮರೆತುಹೋಗಿತ್ತು, ಒಂದೊಂದು ರೈಲನ್ನೂ ಸಿಬ್ಬಂದಿ ಹೋಗಿ ಗುರುತಿಸಿ ಸೇರಿಸಬೇಕಾಯಿತು. ಅಷ್ಟರಲ್ಲಿ ಸೆಕೆ ತಾಳಲಾರದೆ ಜನ ಬಾಗಿಲು ತಳ್ಳಿ ಇಳಿದು, ಮೇಲ್ಸೇತುವೆಯ ಮೇಲೆ ನಡೆಯತೊಡಗಿದ್ದರು, ಜನ ಹಳಿಯ ಮೇಲಿದ್ದಾರೆಂದು ರೈಲು ಹೊರಡಿಸುವುದು ಇನ್ನೂ ತಡವಾಯಿತು. ಪ್ರತಿ ರೈಲಿನಲ್ಲಿ ಒಬ್ಬ ಮನುಷ್ಯನಿದ್ದು, ಇನ್ನು ಇಪ್ಪತ್ತು ನಿಮಿಷ ಎಂದು ಹೇಳಿದ್ದರೆ ಅವರಲ್ಲಿ ಹೆಚ್ಚಿನವರು ಕೂತಿರುತ್ತಿದ್ದರು ಎಂದು ನನಗನಿಸುತ್ತದೆ. ಇನ್ನೊಂದು ಮಗ್ಗುಲೂ ಇದೆ: 2001ರಲ್ಲಿ ಬಸ್ ನೌಕರರ ಮುಷ್ಕರ ನಾಲ್ಕು ತಿಂಗಳು ನಡೆದಾಗಲೂ ಸ್ಕೈಟ್ರೇನ್ ಓಡುತ್ತಲೇ ಇತ್ತು. ಅದರ ಸಿಬ್ಬಂದಿಯ ಸಂಘ ಬೇರೆ ಎನ್ನುವುದು ಅದಕ್ಕೆ ಕಾರಣ. ಆದರೆ ಬಸ್ಸಿಲ್ಲದ ನಿಲ್ದಾಣಕ್ಕೆ ತಲುಪುವುದು ಹೇಗೆ ಎಂಬುದು ಆ ನಾಲ್ಕು ತಿಂಗಳು ಉಪನಗರದವರ ಪಾಲಿಗೆ ಬಿಡಿಸಲಾಗದ ಒಗಟಾಗಿತ್ತು.

ಬೆಂಗಳೂರಿನ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ತೆರೆದಾಗ ನಾನು ಈ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಸುದ್ದಿ ಓದಿದೆ. ಆರ್.ವಿ. ರಸ್ತೆಯಿಂದ ಸಿಲ್ಕ್ ಬೋರ್ಡ್, ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್, 16 ನಿಲ್ದಾಣ. ರೈಲುಗಳು ಚಾಲಕನಿಲ್ಲದೆ ಓಡಬಲ್ಲವು, ಸಿಗ್ನಲ್ ವ್ಯವಸ್ಥೆಯೂ ಅದಕ್ಕೆ ಹೊಂದುವಂಥದ್ದು. ಆರಂಭದಲ್ಲಿ ಚಾಲಕರನ್ನಿಟ್ಟುಕೊಂಡೇ ಓಡಿಸಿದರು. ಪತ್ರಿಕೆಗಳು ಸಹಜವಾಗಿ ಚಾಲಕರಹಿತ ಎಂಬ ಮಾತನ್ನೇ ಎತ್ತಿ ಹೇಳಿದವು. ಮೊದಲ ದಿನಗಳಲ್ಲಿ ಇದ್ದದ್ದು ಮೂರೇ ರೈಲು, ಹಾಗಾಗಿ 25 ನಿಮಿಷಕ್ಕೊಂದು. ಮಾರ್ಗ ಸಿದ್ಧವಾಗಿ, ಬೋಗಿ ಬಾರದೆ ಕಾದ ಕಾಲವೂ ಕಡಿಮೆಯದಲ್ಲ. ಆಮೇಲೆ ಒಂದೊಂದೇ ರೈಲು ಸೇರಿದಂತೆ ಅಂತರ ಇಳಿಯಿತು, ಆ ಪ್ರತಿ ಇಳಿಕೆಯೂ ಸುದ್ದಿಯಾಯಿತು, ಅದನ್ನು ಕಂಡು ನನಗೆ ಸಂತೋಷವಾಯಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ ಫೋನಿನಲ್ಲಿ ಹೇಳಿದ್ದು ಇದನ್ನೇ: "ಮಾಮ, ಡ್ರೈವರ್ ಇದ್ರೆ ಏನು, ಬಿಟ್ರೆ ಏನು? ಇನ್ನೂ ನಾಲ್ಕು ಟ್ರೈನ್ ಬಿಡ್ಲಿ ಸಾಕು." ಯಾವ ಸಾರಿಗೆ ತಜ್ಞನೂ ಇದಕ್ಕಿಂತ ಚುಟುಕಾಗಿ ಹೇಳಲಾರ.

ಇಲ್ಲಿ ನಮ್ಮ ಪಾಳಿ ಈಗ ಬಂದಿದೆ. ಸರ್ರೆಯ ಕಿಂಗ್ ಜಾರ್ಜ್‌ನಿಂದ ಲ್ಯಾಂಗ್ಲಿಯವರೆಗೆ 16 ಕಿಲೋಮೀಟರ್, ಎಂಟು ನಿಲ್ದಾಣಗಳ ವಿಸ್ತರಣೆಯ ಕೆಲಸ ನಡೆಯುತ್ತಿದೆ. 2029ರ ಕೊನೆಯ ಹೊತ್ತಿಗೆ ಮುಗಿಯಬೇಕೆಂಬ ಗುರಿ, ವೆಚ್ಚ ಸುಮಾರು 600 ಕೋಟಿ ಕೆನಡಾ ಡಾಲರ್. ಸರ್ರೆಗೆ ಮೊದಲು ನೆಲದ ಮೇಲಿನ ಲೈಟ್ ರೈಲು ಬರುವುದೆಂದು ತೀರ್ಮಾನವಾಗಿತ್ತು, 2018ರ ಚುನಾವಣೆಯಲ್ಲಿ ಗೆದ್ದ ಮೇಯರ್ ಅದನ್ನು ಬದಿಗೊತ್ತಿಸಿ ಸ್ಕೈಟ್ರೇನೇ ಬೇಕೆಂದರು. ಸರ್ರೆಯ ಫ್ಲೀಟ್‌ವುಡ್ ಬಡಾವಣೆಯ ರಸ್ತೆಯ ನಡುವೆ ಕಂಬಗಳು ಏಳುತ್ತಿವೆ, ಮಾರ್ಗದುದ್ದಕ್ಕೂ ಜಮೀನು ಕೈ ಬದಲಾಗುತ್ತಿದೆ. ಆದರೆ ಒಂದು ಸಂಗತಿಯನ್ನು ಯಾರೂ ಹೆಚ್ಚು ಮಾತನಾಡುವುದಿಲ್ಲ. 2016ರಿಂದ ಎಕ್ಸ್‌ಪೋ ಮಾರ್ಗ ನ್ಯೂ ವೆಸ್ಟ್‌ಮಿನ್‌ಸ್ಟರಿನ ಕೊಲಂಬಿಯಾ ನಿಲ್ದಾಣದಲ್ಲಿ ಕವಲೊಡೆಯುತ್ತದೆ; ಕೆಲವು ರೈಲುಗಳು ಬರ್ನಬಿಯ ಪ್ರೊಡಕ್ಷನ್ ವೇ ಕಡೆಗೆ ತಿರುಗಿ, ಉಳಿದವು ಮಾತ್ರ ನದಿ ದಾಟಿ ಸರ್ರೆಗೆ ಬರುತ್ತವೆ. ನಗರದೊಳಗಿನವರಿಗೆ ಎರಡೂ ಕವಲಿನ ರೈಲು ಸಿಗುತ್ತದೆ, ನಮಗೆ ಒಂದರದ್ದು ಮಾತ್ರ. ಲ್ಯಾಂಗ್ಲಿಯವರೆಗಿನ ಜನ ಹತ್ತಿದ ಮೇಲೆ ನದಿಯ ದಕ್ಷಿಣಕ್ಕೆ ಹೆಚ್ಚು ರೈಲು ಕಳಿಸುತ್ತಾರೋ, ಇದ್ದ ಅಂತರವನ್ನೇ ಉಳಿಸಿಕೊಂಡು ಉದ್ದದ ರೈಲಿನಲ್ಲಿ ಸುಧಾರಿಸುತ್ತಾರೋ ಎಂಬುದು ನಿಲ್ದಾಣಗಳ ಹೆಸರಿಗಿಂತಲೂ ಅವುಗಳ ಗಾಜಿನ ಮಾಡಿಗಿಂತಲೂ ನನಗೆ ಮುಖ್ಯ. ವಿಸ್ತರಣೆಯ ಬಗ್ಗೆ ಸಾರ್ವಜನಿಕ ಸಭೆ ಎಲ್ಲಿಯೇ ನಡೆದರೂ ನಾನು ಕೇಳಬೇಕೆಂದಿರುವ ಪ್ರಶ್ನೆ ಅದೊಂದೇ: ಭಾನುವಾರ ರಾತ್ರಿ ಹತ್ತು ಗಂಟೆಗೆ, ಲ್ಯಾಂಗ್ಲಿಯ ಕಡೆಗೆ, ಎಷ್ಟು ನಿಮಿಷಕ್ಕೊಂದು?